ಅರ್ಜಿ ಕಿಟಕಿಯ ಹಿಂದೆ ಯಾರು?

ಕಚೇರಿಯ ಕಿಟಕಿಯ ಹಿಂದೆ ಕುಳಿತ ಗುಮಾಸ್ತನನ್ನು ಬೈಯದವರು ನಮ್ಮಲ್ಲಿ ವಿರಳ. ತಾರೀಖು ಇಲ್ಲವೆಂದು, ರುಜು ಇಲ್ಲವೆಂದು, ವಿಳಾಸದಲ್ಲಿ ತಾಲ್ಲೂಕಿನ ಹೆಸರಿಲ್ಲವೆಂದು ಅವನು ಅರ್ಜಿಯನ್ನು ಹಿಂದಕ್ಕೆ ನೂಕುತ್ತಾನೆ. ಆದರೆ ಆ ಕಿಟಕಿಯಲ್ಲಿ ಯಾರೂ ಇಲ್ಲದೆ, ಬಂದ ಕಾಗದವೆಲ್ಲ ನೇರವಾಗಿ ಕಡತದ ಕೋಣೆಗೆ ಹೋಗಿ ಬೀಳುವಂತಿದ್ದರೆ ಏನಾದೀತು? ಅಂತರಜಾಲದ ಚರಿತ್ರೆಯಲ್ಲಿ ಅಂಥದೊಂದು ಕಾಲ ನಿಜವಾಗಿಯೂ ಇತ್ತು. ಇಂದು ರೈಲಿನ ಟಿಕೆಟಿಗೂ, ಪರೀಕ್ಷೆಯ ಶುಲ್ಕಕ್ಕೂ, ವಿದ್ಯುತ್ ಬಿಲ್ಲಿಗೂ ನಾವು ಪರದೆಯ ಮೇಲಿನ ಖಾನೆಗಳನ್ನು ತುಂಬುತ್ತೇವೆ. ತುಂಬಿದ್ದು ಸರಿಯೋ ತಪ್ಪೋ ಎಂದು ನೋಡುವ ಕೆಲಸ ಯಂತ್ರದ್ದು. ಅದಕ್ಕೆ ಆ ಕೆಲಸವನ್ನು ಕಲಿಸಲು ಎಷ್ಟು ಕಾಲ ಹಿಡಿಯಿತು, ಎಷ್ಟು ಸಲ ಕಲಿಸಿದ್ದನ್ನು ಮರೆಸಬೇಕಾಯಿತು ಎಂಬುದನ್ನು ಪಿ.ಎಚ್.ಪಿ. ಎಂಬ ಗಣಕಭಾಷೆಯ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬಹುದು.

ಈ ಭಾಷೆಯ ಹುಟ್ಟು ಬಹಳ ಸಾಮಾನ್ಯವಾದುದು. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿ ಕೆನಡದಲ್ಲಿ ಓದಿದ ರಾಸ್ಮಸ್ ಲೆರ್ಡಾರ್ಫ್ ಎಂಬವರು 1994ರಲ್ಲಿ, ಅಂತರಜಾಲದಲ್ಲಿಟ್ಟಿದ್ದ ತಮ್ಮ ಬಯೋಡೇಟಾವನ್ನು ಯಾರು ಯಾರು ನೋಡುತ್ತಿದ್ದಾರೆಂದು ತಿಳಿಯಲು ಕೆಲವು ಸಣ್ಣ ಪ್ರೋಗ್ರಾಮುಗಳನ್ನು ಬರೆದುಕೊಂಡರು. 1995ರ ಜೂನ್ ತಿಂಗಳಲ್ಲಿ ಅವನ್ನು ಎಲ್ಲರ ಬಳಕೆಗೂ ಬಿಟ್ಟುಕೊಟ್ಟರು. ಸ್ವಂತ ಮನೆಪುಟದ ಸಲಕರಣೆ ಎಂಬುದೇ ಅದರ ಮೊದಲ ಹೆಸರಿನ ಅರ್ಥ. ಮುಂದೆ ಅದಕ್ಕೆ ಅರ್ಜಿಗಳನ್ನು ಓದುವ ಶಕ್ತಿಯೂ ಸೇರಿತು. 1998ರಲ್ಲಿ ಇಸ್ರೇಲಿನ ಝೀವ್ ಸುರಾಸ್ಕಿ ಮತ್ತು ಆಂಡಿ ಗುಟ್ಮನ್ಸ್ ಕೈಗೂಡಿಸಿ ಮೂರನೆಯ ಆವೃತ್ತಿ ಹೊರಬಂದಾಗ, ಅದು ಜಗತ್ತಿನ ನಾನಾ ಕಡೆಯ ಜನ ಬಳಸುವ ಭಾಷೆಯಾಗಿ ಬೆಳೆದಿತ್ತು.

ಈ ಭಾಷೆ ಜನಪ್ರಿಯವಾಗಲು ಕಾರಣ ಅದರ ಸೌಲಭ್ಯ. ಅರ್ಜಿಯಲ್ಲಿ ‘ಊರು’ ಎಂಬ ಖಾನೆಯಿದ್ದರೆ, ಪ್ರೋಗ್ರಾಮಿನೊಳಗೆ ‘ಊರು’ ಎಂಬ ಹೆಸರಿನ ಪಾತ್ರೆ ತಾನಾಗಿಯೇ ಸಿದ್ಧವಾಗಿ, ಓದುಗ ಬರೆದದ್ದು ಅದರಲ್ಲಿ ತುಂಬಿರುತ್ತಿತ್ತು. ಈ ಏರ್ಪಾಡಿಗೆ ರಿಜಿಸ್ಟರ್ ಗ್ಲೋಬಲ್ಸ್ ಎಂದು ಹೆಸರು. ಕಲಿಯುವವರಿಗೆ ಇದಕ್ಕಿಂತ ಸುಲಭವಾದದ್ದು ಬೇರೆ ಏನಿದ್ದೀತು? ಆದರೆ ಅರ್ಜಿಯಲ್ಲಿ ಇಲ್ಲದ ಖಾನೆಯನ್ನೂ ಹೊರಗಿನವನು ತಾನೇ ಸೇರಿಸಿ ಕಳುಹಿಸಬಹುದಾಗಿತ್ತು. ಗುಪ್ತಪದ ಸರಿಯಿದ್ದರೆ ‘ಅಧಿಕಾರ’ ಎಂಬ ಪಾತ್ರೆಯಲ್ಲಿ ‘ಉಂಟು’ ಎಂದು ಬರೆಯುವ ಪ್ರೋಗ್ರಾಮನ್ನು ಊಹಿಸಿಕೊಳ್ಳಿ. ಆ ಪಾತ್ರೆಯನ್ನು ಮೊದಲು ಬರಿದುಮಾಡಿಡಲು ಬರೆದವನು ಮರೆತಿದ್ದರೆ, ಪುಟದ ವಿಳಾಸದ ಕೊನೆಯಲ್ಲಿ ‘ಅಧಿಕಾರ ಉಂಟು’ ಎಂದು ಸೇರಿಸಿದ ಯಾರೇ ಆಗಲಿ, ಗುಪ್ತಪದವಿಲ್ಲದೆ ಒಳಗೆ ಹೋಗಬಹುದಿತ್ತು. ಅರ್ಜಿದಾರನೇ ಕಡತದಲ್ಲಿ ‘ಮಂಜೂರಾಗಿದೆ’ ಎಂದು ಷರಾ ಬರೆದಂತೆ!

ಈ ದೋಷ ತಿಳಿದ ಮೇಲೆ, 2001ರ ಡಿಸೆಂಬರಿನಲ್ಲಿ ಬಂದ 4.1ನೆಯ ಆವೃತ್ತಿಯಲ್ಲಿ ಹೊರಗಿನಿಂದ ಬಂದದ್ದನ್ನೆಲ್ಲ ಪ್ರತ್ಯೇಕವಾದ ಬುಟ್ಟಿಗಳಲ್ಲಿಡುವ ಕ್ರಮ ಬಂತು. ಬುಟ್ಟಿಯ ಹೆಸರು ಹೇಳಿಯೇ ಅದನ್ನು ತೆಗೆಯಬೇಕು; ಆದ್ದರಿಂದ ಇದು ಪರರಿಂದ ಬಂದ ವಸ್ತು ಎಂಬ ನೆನಪು ಬರೆಯುವವನಿಗೆ ಉಳಿಯುತ್ತದೆ. 2002ರ ಏಪ್ರಿಲಿನಲ್ಲಿ ಹಳೆಯ ಸೌಲಭ್ಯವನ್ನು ತಾನಾಗಿ ಚಾಲೂ ಆಗದಂತೆ ಮಾಡಿದರು. ಅದನ್ನು ಪೂರ್ತಿಯಾಗಿ ಕಿತ್ತುಹಾಕಿದ್ದು 2012ರಲ್ಲಿ. ಅಭ್ಯಾಸ ಬಿಡಿಸುವುದಕ್ಕೆ ಹತ್ತು ವರ್ಷ ಬೇಕಾಯಿತು.

ಇಷ್ಟರಲ್ಲಿ ಎರಡನೆಯ ಅಪಾಯವೊಂದು ತಲೆಯೆತ್ತಿತ್ತು. 1998ರ ಡಿಸೆಂಬರಿನಲ್ಲಿ, ಫ್ರ್ಯಾಕ್ ಎಂಬ ಪತ್ರಿಕೆಯಲ್ಲಿ ಜೆಫ್ ಫಾರಿಸ್ಟಲ್ ಎಂಬವರು ಗುಪ್ತನಾಮದಿಂದ ಒಂದು ಲೇಖನ ಬರೆದರು. ಡೇಟಾಬೇಸಿಗೆ ಕಳುಹಿಸುವ ಆಜ್ಞೆಯೂ ಒಂದು ವಾಕ್ಯವೇ. ಅರ್ಜಿದಾರನ ಹೆಸರನ್ನು ಆ ವಾಕ್ಯದೊಳಗೆ ಉದ್ಧರಣ ಚಿಹ್ನೆಗಳ ನಡುವೆ ಇಡುತ್ತಾರೆ. ಹೆಸರಿನಲ್ಲಿಯೇ ಅಂಥ ಚಿಹ್ನೆಯೊಂದು ಬಂದರೆ, ಹೆಸರು ಅಲ್ಲಿಗೆ ಮುಗಿಯಿತೆಂದು ಯಂತ್ರ ಭಾವಿಸಿ, ಮುಂದಿನ ಪದಗಳನ್ನು ಆಜ್ಞೆಯೆಂದೇ ಓದುತ್ತದೆ. ಹೆಸರಿನ ಖಾನೆಯಲ್ಲಿ ಹುಕುಂ ಬರೆಯುವ ಈ ಉಪಾಯವನ್ನು ಆ ಲೇಖನ ತೋರಿಸಿತು. 2000ದ ಫೆಬ್ರವರಿಯಲ್ಲಿ ಅಮೆರಿಕದ ಸರ್ಟ್ ಸಂಸ್ಥೆ ಮತ್ತೊಂದು ಎಚ್ಚರಿಕೆ ಕೊಟ್ಟಿತು: ಒಬ್ಬನು ಖಾನೆಯಲ್ಲಿ ಬರೆದ ಬರಹ ಇನ್ನೊಬ್ಬನ ಪರದೆಯ ಮೇಲೆ ಪ್ರೋಗ್ರಾಮಾಗಿ ನಡೆಯಬಲ್ಲದು.

ಮೊದಲಿನ ಅಪಾಯಕ್ಕೆ ಪಿ.ಎಚ್.ಪಿ.ಯಲ್ಲಿ ಮದ್ದು ಇತ್ತು. ಅದರ ಹೆಸರು ಮ್ಯಾಜಿಕ್ ಕೋಟ್ಸ್, ಎಂದರೆ ಮಾಯಾ ಉದ್ಧರಣ. ಒಳಬರುವ ಪ್ರತಿಯೊಂದು ಉದ್ಧರಣ ಚಿಹ್ನೆಯ ಹಿಂದೆಯೂ ಯಂತ್ರವೇ ಒಂದು ಓರೆಗೆರೆ ಹಾಕಿಬಿಡುತ್ತಿತ್ತು. ಬರೆಯುವವನು ಏನನ್ನೂ ಯೋಚಿಸಬೇಕಾಗಿರಲಿಲ್ಲ. ಆದರೆ ಪರಿಣಾಮವೇನು? ನಮ್ಮ ಮಂಗಳೂರಿನ ಕಡೆಯ ಡಿಸೋಜ ಎಂಬ ಮನೆತನದ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ‘ಡಿ’ಯ ನಂತರ ಅಂಥ ಒಂದು ಚಿಹ್ನೆ ಬರುತ್ತದೆ. ಆ ಹೆಸರು ಪರದೆಯ ಮೇಲೆ ಮರಳಿ ಕಾಣಿಸುವಾಗ ನಡುವೆ ಓರೆಗೆರೆ. ಅದನ್ನೇ ತಿದ್ದದೆ ಮತ್ತೆ ಕಳುಹಿಸಿದರೆ ಗೆರೆಗಳು ಇನ್ನಷ್ಟು! ಇಷ್ಟಾದರೂ ರಕ್ಷಣೆ ಪೂರ್ಣವಲ್ಲ. ಸಂಖ್ಯೆ ಬರಬೇಕಾದ ಜಾಗದಲ್ಲಿ ಉದ್ಧರಣ ಚಿಹ್ನೆಯ ಅಗತ್ಯವೇ ಇಲ್ಲದ್ದರಿಂದ, ಕಿಡಿಗೇಡಿಗೆ ಅಲ್ಲಿ ಅಡ್ಡಿಯೇ ಇರಲಿಲ್ಲ. 2012ರಲ್ಲಿ ಈ ಮಾಯೆಯೂ ಭಾಷೆಯಿಂದ ಹೊರಬಿತ್ತು.

ಇಲ್ಲಿ ಆದ ತಪ್ಪು ಎಂಥದು? ಮನೆಗೆ ಬಂದ ಅಕ್ಕಿಯಲ್ಲಿ ಕಲ್ಲಿದೆಯೇ ಎಂದು ಬಾಗಿಲಲ್ಲಿಯೇ ನೋಡುವುದು ಒಂದು ಕೆಲಸ. ಅದನ್ನು ಅನ್ನಕ್ಕೆ ತೊಳೆಯುವುದೋ, ದೋಸೆಗೆ ನೆನೆಸುವುದೋ ಎಂಬುದು ಬೇರೆ ಕೆಲಸ. ಅಡಿಗೆಯ ಹೊತ್ತಿಗೆ ಮಾಡತಕ್ಕದ್ದು. ಬಂದ ಮೂಟೆಯನ್ನೆಲ್ಲ ಬಾಗಿಲಲ್ಲೇ ನೆನೆಸಿಬಿಟ್ಟರೆ ಜಾಣತನವೆನ್ನುವವರಾರು? ಹಾಗೆಯೇ ವಯಸ್ಸಿನ ಖಾನೆಯಲ್ಲಿ ಸಂಖ್ಯೆಯೇ ಇದೆಯೇ, ಆ ಸಂಖ್ಯೆ ಮನುಷ್ಯನ ವಯಸ್ಸಿಗೆ ಸಲ್ಲುವಂಥದೇ ಎಂದು ಬರುವಾಗ ಕೇಳಬೇಕು. ಡೇಟಾಬೇಸಿಗೆ ಹೋಗುವಾಗ ಒಂದು ರೀತಿ, ಪರದೆಗೆ ಹೋಗುವಾಗ ಇನ್ನೊಂದು ರೀತಿ ಎಚ್ಚರ ವಹಿಸಬೇಕು. 2004ರ ಐದನೆಯ ಆವೃತ್ತಿಯೊಡನೆ, ಆಜ್ಞೆಯ ವಾಕ್ಯವನ್ನು ಖಾಲಿ ಜಾಗಗಳೊಡನೆ ಮೊದಲೇ ಕಳುಹಿಸಿ, ತುಂಬಬೇಕಾದ ಹೆಸರನ್ನು ಬೇರೆಯಾಗಿ ಕೊಡುವ ಕ್ರಮ ಕೈಗೆ ಬಂತು. ಹೆಸರು ಹೆಸರಾಗಿಯೇ ಉಳಿಯಿತು. ಆಜ್ಞೆಯಾಗುವ ಭಯ ತಪ್ಪಿತು.

2006ರ ನವೆಂಬರಿನಲ್ಲಿ 5.2ನೆಯ ಆವೃತ್ತಿ ಫಿಲ್ಟರ್ ಎಂಬ ಜರಡಿಗಳ ಗುಂಪೊಂದನ್ನು ಜೊತೆಗೇ ತಂದಿತು. ಪೂರ್ಣಾಂಕವೇ, ಇ-ಮೇಲ್ ವಿಳಾಸವೇ ಎಂದು ಪರೀಕ್ಷಿಸುವ ಜರಡಿಗಳು ಇಂದಿಗೂ ಉಪಯುಕ್ತವಾಗಿವೆ. ಆದರೆ ಹಳೆಯ ಆಸೆ ಬಿಡಲಿಲ್ಲ. ಯಾವ ಬರಹವನ್ನಾದರೂ ‘ಶುದ್ಧ’ಮಾಡಿಬಿಡುವ ಜರಡಿಯೂ ಅವುಗಳಲ್ಲಿ ಒಂದಿತ್ತು. ಅದು ಡಿಸೋಜರ ಹೆಸರಿನ ಚಿಹ್ನೆಯನ್ನು ಈ ಸಲ ಸಂಕೇತಾಕ್ಷರಗಳ ಸಾಲಾಗಿ ಬದಲಿಸಿತು. 2021ರ 8.1ನೆಯ ಆವೃತ್ತಿಯಲ್ಲಿ ಆ ಜರಡಿಯನ್ನು ಇನ್ನು ಬಳಸಬೇಡಿ ಎಂದು ಸಾರಬೇಕಾಯಿತು. ಒಂದೇ ಪಾಠವನ್ನು ಎರಡು ಸಲ ಕಲಿತದ್ದಾಯಿತು.

ಕಳ್ಳರನ್ನು ತಡೆಯುವ ಕಥೆ ಇಷ್ಟು. ಸಜ್ಜನರನ್ನು ಹೊರಗೆ ನಿಲ್ಲಿಸುವ ಕಥೆ ಬೇರೆಯೇ ಇದೆ. ಅದು ನಮಗೆ ಹತ್ತಿರದ್ದು. ಹೆಸರೆಂದರೆ ಎ-ಯಿಂದ ಝಡ್‌ವರೆಗಿನ ಅಕ್ಷರಗಳು ಮಾತ್ರ ಎಂದು ಬರೆದ ನಿಯಮ ಕನ್ನಡದ ಹೆಸರನ್ನು ಒಳಗೇ ಬಿಡದು. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡ 1991ರಿಂದಲೂ ಇದೆ. ಆದರೆ ‘ಕನ್ನಡ’ ಎಂಬ ಪದದ ಉದ್ದವನ್ನು ಪಿ.ಎಚ್.ಪಿ.ಯ ಹಳೆಯ ಅಳತೆಗೋಲು ಹದಿನೈದು ಎನ್ನುತ್ತದೆ. ಅದು ಎಣಿಸುವುದು ಬೈಟುಗಳನ್ನು. ಹೊಸ ಅಳತೆಗೋಲು ಐದು ಎನ್ನುತ್ತದೆ. ನಾವು ಓದುವ ಅಕ್ಷರಗಳು ಮೂರೇ. ಯಾವ ಭಾಷೆಯ ಅಕ್ಷರವಾದರೂ ಸರಿ ಎಂಬ ಉದಾರ ನಿಯಮವನ್ನು ಬರೆದವರೂ ಎಡವುವುದುಂಟು. ಏಕೆಂದರೆ ಯೂನಿಕೋಡಿನ ಲೆಕ್ಕದಲ್ಲಿ ನಮ್ಮ ಗುಣಿತದ ಚಿಹ್ನೆಗಳು, ಒತ್ತು ಕೊಡಲು ಬೇಕಾದ ವಿರಾಮಚಿಹ್ನೆ, ಇವು ಅಕ್ಷರಗಳಲ್ಲ, ಗುರುತುಗಳು. ಅವನ್ನೂ ಹೆಸರಿಸಿ ಒಪ್ಪಿಕೊಂಡರೆ ಮಾತ್ರ ಹೆಸರು ದಾಟೀತು. ವಯಸ್ಸಿನ ಖಾನೆಯಲ್ಲಿ ‘೨೫’ ಎಂದು ಬರೆದರೆ ಪೂರ್ಣಾಂಕದ ಜರಡಿ ಅದು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಭಾಷೆಯೊಳಗೇ ಯೂನಿಕೋಡನ್ನು ನೆಲೆಗೊಳಿಸಲು ಹೊರಟ ಆರನೆಯ ಆವೃತ್ತಿಯ ಕೆಲಸವನ್ನು 2010ರಲ್ಲಿ ಕೈಬಿಡಲಾಯಿತು. ಐದರ ನಂತರ, 2015ರಲ್ಲಿ, ಬಂದದ್ದು ಏಳು.

ಕುಲನಾಮದ ಖಾನೆಯನ್ನು ತುಂಬಲೇಬೇಕೆಂಬ ಕಟ್ಟಳೆಯೂ ಇದೇ ಜಾತಿಯದು. ಊರಿನ ಹೆಸರೂ ತಂದೆಯ ಹೆಸರೂ ಮೊದಲಕ್ಷರಗಳಾಗಿ ಮುಂದೆ ಬರುವ ನಮ್ಮ ಪದ್ಧತಿಯಲ್ಲಿ, ಆ ಖಾನೆಗೆ ಬರೆಯಲು ಅನೇಕರಿಗೆ ಏನೂ ಇಲ್ಲ. ಏನಾದರೊಂದನ್ನು ಬರೆದು ಮುಂದೆ ಹೋಗುತ್ತಾರೆ. ಹಾಗೆ ಬರೆದದ್ದು ದಾಖಲೆಯಾಗುತ್ತದೆ. ಬೇರೊಂದು ದಾಖಲೆಯೊಡನೆ ಅದು ತಾಳೆಯಾಗದಿದ್ದಾಗ ಕಷ್ಟ ಅರ್ಜಿದಾರನಿಗೆ.

ಕಿಟಕಿಯ ಗುಮಾಸ್ತ ಎಷ್ಟೇ ಸಿಡುಕನಾದರೂ, ‘ಸ್ವಾಮಿ, ನಮ್ಮಲ್ಲಿ ಹೆಸರು ಇಡುವುದು ಹೀಗೆ’ ಎಂದರೆ ಕನ್ನಡಕದ ಮೇಲಿಂದ ಒಮ್ಮೆ ನೋಡಿ ಅರ್ಜಿ ತೆಗೆದುಕೊಂಡಾನು. ಯಂತ್ರ ಹಾಗೆ ಕೇಳಿಸಿಕೊಳ್ಳದು. ಅದಕ್ಕೆ ನಿಯಮ ಬರೆದವರು ಮಾತ್ರ ಕೇಳಿಸಿಕೊಳ್ಳಬಲ್ಲರು. ಬಂದದ್ದನ್ನೆಲ್ಲ ನಂಬಬಾರದೆಂಬುದನ್ನು ಅವರು ಈ ವರ್ಷಗಳಲ್ಲಿ ಕಲಿತರು. ಬರತಕ್ಕವರು ಯಾರು, ಅವರ ಹೆಸರು ಎಂಥದು ಎಂಬುದನ್ನು ನಿಯಮ ಬರೆಯುವ ಮೊದಲೇ ವಿಚಾರಿಸುವುದು ಇನ್ನೂ ಅಭ್ಯಾಸವಾಗಬೇಕಾಗಿದೆ.