ಕತ್ತ, ಅಕ್ಕಿ ಮತ್ತು ಒಂದು ಪರ್ಮಿಟ್

2024ರ ಜನವರಿ ಮೊದಲ ವಾರದಲ್ಲಿ ಪ್ರಧಾನಿ ನರೇಂದ್ರ ಮೋದಿ ಲಕ್ಷದ್ವೀಪದ ಕಡಲತೀರದಲ್ಲಿ ತೆಗೆಸಿಕೊಂಡ ಚಿತ್ರಗಳು ಹೊರಬಂದವು. ಅವನ್ನು ನೋಡಿ ಹಂಗಿಸಿ ಬರೆದ ಮಾಲ್ದೀವ್ಸ್‌ನ ಮೂವರು ಉಪಸಚಿವರು ಅಮಾನತಾದರು. ಮಾಲ್ದೀವ್ಸ್‌ಗೆ ಹೊರಟಿದ್ದವರು ಟಿಕೆಟ್ ರದ್ದು ಮಾಡುವ ಮಾತಾಡಿದರು, ದೇಶದ ಉದ್ದಗಲಕ್ಕೂ ಜನ ಫೋನಿನಲ್ಲಿ ಲಕ್ಷದ್ವೀಪವನ್ನು ಹುಡುಕಿದರು. ಹುಡುಕಿದವರಿಗೆ ಮೊದಲು ಸಿಕ್ಕಿದ್ದು ಹೋಟೆಲ್ ಅಲ್ಲ, ಒಂದು ಅರ್ಜಿ ನಮೂನೆ. ಪರ್ಮಿಟ್ ಇಲ್ಲದೆ ದ್ವೀಪಕ್ಕೆ ಕಾಲಿಡುವಂತಿಲ್ಲ. ಹಡಗು ಹತ್ತಬೇಕಾದದ್ದು ಕೊಚ್ಚಿಯಲ್ಲಿ. ಪುಟ್ಟ ವಿಮಾನ ಇಳಿಯುವುದು ಅಗತ್ತಿ ದ್ವೀಪವೊಂದರಲ್ಲಿ ಮಾತ್ರ. ಮಳೆಗಾಲದಲ್ಲಂತೂ ಕಡಲೇ ಬಾಗಿಲು ಹಾಕಿಕೊಂಡಿರುತ್ತದೆ.

ನಮ್ಮದೇ ದೇಶದಲ್ಲಿ ತಿರುಗಾಡಲು ಇದೆಂಥ ಅಪ್ಪಣೆ ಎಂಬ ಸಿಡುಕು ಸಹಜ. ಈ ಅಪ್ಪಣೆಯ ಹಿಂದೆ ಒಂದು ದೀರ್ಘ ಕಥೆಯಿದೆ, ಅದರ ಒಂದು ದೊಡ್ಡ ಭಾಗ ನಡೆದದ್ದು ಮಂಗಳೂರಿನಲ್ಲಿ.

ಮಂಗಳೂರಿನಿಂದ ನೈಋತ್ಯಕ್ಕೆ ಸುಮಾರು 250–300 ಕಿಲೋಮೀಟರ್ ದೂರದಲ್ಲಿ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳಿವೆ. ಒಟ್ಟಾಗಿ ಇವಕ್ಕೆ ಅಮಿನ್‌ದಿವಿ ಎಂದು ಹೆಸರು. ಹದಿನೆಂಟನೆಯ ಶತಮಾನದಲ್ಲಿ ಇಡೀ ದ್ವೀಪಸಮೂಹದ ಮೇಲೆ ಕಣ್ಣೂರಿನ ಅರಕ್ಕಲ್ ಮನೆತನದ ಹಿಡಿತವಿತ್ತು. ದ್ವೀಪದವರ ಬದುಕೆಲ್ಲ ತೆಂಗಿನದು. ಗಂಡಸರು ಮೀನು ಹಿಡಿಯುವರು, ಹಡಗು ನಡೆಸುವರು. ಹೆಂಗಸರು ಕೊಳೆಹಾಕಿದ ಸಿಪ್ಪೆಯನ್ನು ಬಡಿದು ನಾರು ತೆಗೆದು ಕತ್ತದ ಹುರಿ ಹೊಸೆಯುವರು. ಆ ಹುರಿಯನ್ನು ಅರಕ್ಕಲ್ ಮನೆತನಕ್ಕೇ ಮಾರಬೇಕು, ಅದು ಹೇಳಿದ ಬೆಲೆಗೇ ಮಾರಬೇಕು. ಬೇಸತ್ತ ಅಮಿನಿಯ ಕೆಲವರು 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮುಂದೆ ನಿಂತರು. ತಮ್ಮನ್ನು ನೀವೇ ಆಳಿ ಎಂಬುದು ಅವರ ಅಹವಾಲು. ಟಿಪ್ಪುವಿಗೂ ಅರಕ್ಕಲ್ ಬೀಬಿಗೂ ಆಗ ಸ್ನೇಹವಿತ್ತು, ಮಾತುಕತೆ ನಡೆದು ಐದು ದ್ವೀಪಗಳು ಮೈಸೂರಿನ ಕೈಗೆ ಬಂದವು. ಒಡೆಯನನ್ನು ಆರಿಸಿಕೊಳ್ಳಲು ಕಡಲು ದಾಟಿ ಬಂದವರ ಧೈರ್ಯಕ್ಕೆ ನಮ್ಮ ಚರಿತ್ರೆಯ ಪುಸ್ತಕಗಳು ಒಂದು ಸಾಲನ್ನಾದರೂ ಮೀಸಲಿಡಬಹುದಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಮಿನ್‌ದಿವಿ ಈಸ್ಟ್ ಇಂಡಿಯಾ ಕಂಪನಿಯದಾಯಿತು. ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿಸಿ ಮಂಗಳೂರಿನ ಕಲೆಕ್ಟರನ ಕೈಗೆ ಒಪ್ಪಿಸಿದರು. ಒಡೆಯ ಬದಲಾದ, ವ್ಯಾಪಾರದ ಕಟ್ಟು ಬದಲಾಗಲಿಲ್ಲ. ಹುರಿ ಕೊಳ್ಳುವವನು ಈಗ ಸರ್ಕಾರ. ಬೆಲೆ ಗೊತ್ತುಮಾಡುವವನೂ ಸರ್ಕಾರವೇ. ಬದಲಿಗೆ ಕೊಡುತ್ತಿದ್ದದ್ದು ಬಹುಪಾಲು ಅಕ್ಕಿ. ಹವಳದ ಪುಡಿಯೇ ಮಣ್ಣಾಗಿರುವ ದ್ವೀಪದಲ್ಲಿ ಭತ್ತ ಬೆಳೆಯದು. ಅಕ್ಕಿ ಬೇಕೆಂದರೆ ಹುರಿ ಕೊಡಲೇಬೇಕು. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ದ್ವೀಪದ ಹಾಯಿದೋಣಿಗಳು ಹುರಿಯ ಸುತ್ತುಗಳನ್ನು ಹೇರಿಕೊಂಡು ಮಂಗಳೂರು ಬಂದರಿನ ಧಕ್ಕೆಗೆ ಬರುತ್ತಿದ್ದವು, ಅಕ್ಕಿ ತುಂಬಿಕೊಂಡು ಹಿಂದಿರುಗುತ್ತಿದ್ದವು. ಜೂನ್ ಬರುವ ಮುಂಚೆ ದೋಣಿಯನ್ನು ದಡಕ್ಕೆಳೆದು ಮಡಲಿನ ಮಾಡಿನಡಿ ಮಲಗಿಸಬೇಕು. ಅಷ್ಟರೊಳಗೆ ತಂದದ್ದೇ ಮಳೆಗಾಲದ ಊಟ.

ಆ ದೋಣಿಗೆ ದ್ವೀಪದವರು ಓಡಂ ಎನ್ನುತ್ತಾರೆ. ಹಳೆಗನ್ನಡದಲ್ಲೂ ದೋಣಿಗೆ ಓಡ ಎಂಬ ಮಾತಿದೆ. ಪದ ಒಂದೇ ಬೇರಿನದು, ಆದರೆ ದ್ವೀಪದ ನುಡಿ ಕನ್ನಡವಲ್ಲ. ಮಲಯಾಳಂನ ಒಡಹುಟ್ಟಿನಂಥ ಜೆಸೆರಿ ಅಲ್ಲಿನ ಮಾತು. ದ್ವೀಪ ಎಂಬರ್ಥದ ಅರಬ್ಬೀ ಪದವೇ ಆ ಹೆಸರಿನ ಮೂಲ. ದಕ್ಷಿಣದ ತುದಿಯ ಮಿನಿಕಾಯ್‌ನಲ್ಲಂತೂ ಮಾತಾಡುವುದು ಮಾಲ್ದೀವ್ಸ್‌ನ ದಿವೆಹಿಯ ಒಂದು ಬಗೆ, ಬಲದಿಂದ ಎಡಕ್ಕೆ ಬರೆಯುವ ಲಿಪಿ. 2024ರಲ್ಲಿ ಮಾಲ್ದೀವ್ಸ್ ಬೇಡ, ಲಕ್ಷದ್ವೀಪ ಸಾಕು ಎಂದು ಹೊರಟವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತೋ.

ಮಂಗಳೂರಿನ ನಂಟು 1956ರ ನವೆಂಬರ್ 1ರಂದು ಕಾಗದದ ಮೇಲೆ ಕಡಿಯಿತು. ಕನ್ನಡಿಗರಿಗೆ ಅದು ಏಕೀಕರಣದ ದಿನ. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ದಿನ ಅದೇ ಜಿಲ್ಲೆಯ ಅಮಿನ್‌ದಿವಿ ಹೊಸ ಕೇಂದ್ರಾಡಳಿತ ಪ್ರದೇಶದ ಪಾಲಾಯಿತು. ಕಾಸರಗೋಡಿನ ಅಳಲು ಇಂದಿಗೂ ಉಳಿದಿದೆ. ಅಮಿನ್‌ದಿವಿಗಾಗಿ ಯಾರೂ ಅಳಲಿಲ್ಲ. ಅಳಬೇಕಾಗಿಯೂ ಇರಲಿಲ್ಲ. ಅಲ್ಲಿದ್ದದ್ದು ನುಡಿಯ ನಂಟಲ್ಲ, ಲೆಕ್ಕದ ಪುಸ್ತಕದ ನಂಟು. ಹೊಸ ಆಡಳಿತದ ಕಚೇರಿ 1964ರವರೆಗೆ ಕೋಳಿಕ್ಕೋಡಿನಲ್ಲಿತ್ತು, ಆಮೇಲೆ ಕವರತ್ತಿಗೆ ಹೋಯಿತು. ಲಕ್ಷದ್ವೀಪ ಎಂಬ ಅಧಿಕೃತ ಹೆಸರು ಬಂದದ್ದು 1973ರಲ್ಲಿ.

ಪರ್ಮಿಟ್ಟಿನ ಹುಟ್ಟು ಈ ನಡುವಿನ ವರ್ಷಗಳಲ್ಲಿ. ತಂದೆತಾಯಿ ಇಬ್ಬರೂ ದ್ವೀಪದವರಾಗಿದ್ದು ಅಲ್ಲೇ ಹುಟ್ಟಿದವರನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಲಾಯಿತು. 1965ರ ಭೂ ಕಾನೂನು ದ್ವೀಪದ ನೆಲ ಹೊರಗಿನವರ ಕೈಗೆ ಜಾರದಂತೆ ತಡೆ ಹಾಕಿತು. 1967ರಲ್ಲಿ ಪ್ರವೇಶ ಮತ್ತು ವಾಸದ ನಿರ್ಬಂಧ ನಿಯಮಗಳು ಬಂದವು. ದೊಡ್ಡ ಕರೆಯವರು ಬೆಲೆ ಕಟ್ಟುವ, ದ್ವೀಪದವರು ಕೈಕಟ್ಟಿ ನಿಲ್ಲುವ ವ್ಯವಹಾರವನ್ನು ತಲೆಮಾರುಗಳಿಂದ ಕಂಡ ಊರಿಗೆ, ಬಾಗಿಲಲ್ಲಿ ಒಬ್ಬ ಕಾವಲುಗಾರ ಸಿಕ್ಕಂತಾಯಿತು. ಕಾವಲುಗಾರನೂ ದಿಲ್ಲಿಯ ನೌಕರನೇ ಎಂಬುದು ನಿಜ, ಆ ಮಾತು ಆಮೇಲೆ.

ಎಣಿಕೆಗೆ ಸಿಕ್ಕ 36 ದ್ವೀಪಗಳಲ್ಲಿ ಜನವಾಸ ಇರುವುದು ಹತ್ತರಲ್ಲಿ. ಎಲ್ಲ ಸೇರಿ ನೆಲ 32 ಚದರ ಕಿಲೋಮೀಟರ್, 2011ರ ಗಣತಿಯಂತೆ ಜನ 64,473. ಹೊಳೆ ಇಲ್ಲ, ಗುಡ್ಡ ಇಲ್ಲ. ಮಳೆನೀರು ಮರಳಿನಡಿ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಹೆಚ್ಚು ಸೇದಿದರೆ ಬಾವಿಯೇ ಉಪ್ಪಾಗುತ್ತದೆ. 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿ ಮಾಡುವ ಘಟಕ ಬಂತು, ದಿನಕ್ಕೆ ಒಂದು ಲಕ್ಷ ಲೀಟರ್. ಅಲೆಯನ್ನು ತಡೆದು ನೆಲವನ್ನು ಉಳಿಸುವ ಹವಳದ ದಿಬ್ಬಗಳು 1998, 2010, 2016ರ ಬಿಸಿಗೆ ಬಿಳಿಚಿ ಸೊರಗಿವೆ. ಪ್ರವಾಸಿಗರ ಸಂಖ್ಯೆಗೆ ಮಿತಿ ಬೇಕೆಂಬುದಕ್ಕೆ ಬಾವಿಯೊಂದೇ ಸಾಕು, ಇತಿಹಾಸ ಬೇಕಿಲ್ಲ.

ಪ್ರವಾಸೋದ್ಯಮ ಶುರುವಾದದ್ದೂ ದೂರ ಇಡುವ ಲೆಕ್ಕಾಚಾರದಲ್ಲೇ. ಮಾಲ್ದೀವ್ಸ್ 1972ರಲ್ಲಿ ಮೊದಲ ರೆಸಾರ್ಟ್ ಕುರುಂಬಾವನ್ನು ತೆರೆದದ್ದು ಜನವಾಸವಿಲ್ಲದ ದ್ವೀಪದಲ್ಲಿ. 1974ರಲ್ಲಿ ಭಾರತ ವಿದೇಶಿಯರಿಗೆ ತೆರೆದ ಬಂಗಾರಂನಲ್ಲೂ ಊರಿರಲಿಲ್ಲ. 1987ರ ಕೊನೆಯಲ್ಲಿ ರಾಜೀವ್ ಗಾಂಧಿ ಕುಟುಂಬ ಹೊಸ ವರ್ಷದ ರಜೆ ಕಳೆದದ್ದು ಅಲ್ಲೇ. ಪತ್ರಿಕೆಗಳು ಬೈದವು, ಆದರೆ ದ್ವೀಪದ ಹೆಸರು ಮನೆಮಾತಾಯಿತು. 1988ರಲ್ಲಿ ಅಗತ್ತಿಯ ವಿಮಾನ ನಿಲ್ದಾಣ ಬಂತು. ಆಮೇಲೆ ಎರಡೂ ಕಡೆಯ ದಾರಿ ಬೇರೆಯಾಯಿತು. ಮಾಲ್ದೀವ್ಸ್ ನೂರಕ್ಕೂ ಹೆಚ್ಚು ದ್ವೀಪಗಳನ್ನು ರೆಸಾರ್ಟ್ ಮಾಡಿಕೊಂಡಿತು, ಲಕ್ಷದ್ವೀಪ ಬೆರಳೆಣಿಕೆಯಲ್ಲೇ ನಿಂತಿತು.

ಬಾಗಿಲ ಕೀಲಿ ಯಾರ ಕೈಯಲ್ಲಿ ಎಂಬ ಪ್ರಶ್ನೆ 2021ರಲ್ಲಿ ಮತ್ತೆ ಎದ್ದಿತು. ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಬಂತು. ಯೋಜನೆಗೆಂದು ನೆಲ ವಶಪಡಿಸಿಕೊಳ್ಳುವ ಅಧಿಕಾರ ಅದರಲ್ಲಿತ್ತು. ದ್ವೀಪದವರು ಮನೆಗಳಲ್ಲೇ ಉಪವಾಸ ಕೂತು ಪ್ರತಿಭಟಿಸಿದರು. ಅದೇ ಹೊತ್ತಿಗೆ ಸರಕು ಸಾಗಣೆಯನ್ನು ಕೇರಳದ ಬೇಪೂರಿನಿಂದ ಮಂಗಳೂರಿಗೆ ತಿರುಗಿಸುವ ಮಾತೂ ಬಂತು. ಮಂಗಳೂರಿಗೆ ಅದು ಹಳೆ ನಂಟಿನ ಮರಳಿಕೆಯಾಗಿ ಕಂಡರೆ ಆಶ್ಚರ್ಯವಿಲ್ಲ. ದ್ವೀಪದಲ್ಲಿ ಹಾಗೆ ಕಾಣಲಿಲ್ಲ. ನುಡಿ, ಓದು, ಆಸ್ಪತ್ರೆ, ಬಂಧುಬಳಗ ಎಲ್ಲ ಕೇರಳದ ಕಡೆಗಿರುವಾಗ, ದೋಣಿ ಯಾವ ಧಕ್ಕೆಗೆ ಹೋಗಬೇಕೆಂದು ಮತ್ತೊಮ್ಮೆ ಬೇರೆಯವರು ನಿಶ್ಚಯಿಸಿದಂತೆ ಅವರಿಗೆ ಕಂಡಿತು.

ಪ್ರವಾಸದ ಪ್ಲಾನು ಹಾಕುವ ಮುಂಬಯಿ, ಪುಣೆ, ದಿಲ್ಲಿಯ ಕನ್ನಡಿಗರಿಗೆ ದಾರಿ ಇಂದಿಗೂ ಹೆಚ್ಚಾಗಿ ಕೊಚ್ಚಿಯ ಮೂಲಕವೇ. ಅಕ್ಟೋಬರಿನಿಂದ ಮೇ ನಡುವಿನವರೆಗೆ ಕಾಲ ಅನುಕೂಲ. ಹಡಗಿನಲ್ಲಿ ಒಂದು ರಾತ್ರಿ ಕಳೆಯಬೇಕು. 2024ರ ಮಾರ್ಚ್ ಕೊನೆಗೆ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನವೂ ಶುರುವಾಯಿತು.

ಆ ವರ್ಷದ ಮೇ ಮೊದಲ ವಾರ ಪರಲಿ ಎಂಬ ವೇಗದ ಹಡಗು ದ್ವೀಪದ ಜನರನ್ನು ಹತ್ತಿಸಿಕೊಂಡು ಸುಮಾರು ಏಳು ಗಂಟೆಯಲ್ಲಿ ಮಂಗಳೂರಿನ ಹಳೆ ಬಂದರಿಗೆ ಬಂತು. ಓಡಂ ಬಂದು ನಿಲ್ಲುತ್ತಿದ್ದ ಅದೇ ನದೀಮುಖ. ಇಳಿದವರು ಬ್ಯಾಗು ಹಿಡಿದು ಯಾರನ್ನೂ ಕೇಳದೆ ಊರೊಳಗೆ ನಡೆದುಹೋದರು. ಅದೇ ಹಡಗಿನಲ್ಲಿ ಅತ್ತ ಹೋಗಬೇಕೆಂದಿದ್ದವರು ಮೊದಲು ಅರ್ಜಿ ಹಾಕಬೇಕಿತ್ತು.