ಸರಾಸರಿಯ ರಾಜಕಾರಣ: ಯಮನೂರಿನ ಎರಿ ಬಯಲಿನಲ್ಲಿ ಯಂತ್ರ, ಬಂಡವಾಳ ಮತ್ತು ಮಳೆ

2016ರ ಜುಲೈ 27ರಂದು ಮಹದಾಯಿ ಜಲವಿವಾದ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ರಾಜ್ಯ ಕೇಳಿದ್ದು 7.56 ಟಿಎಂಸಿ ಅಡಿ ನೀರು. ಸುದ್ದಿ ತಲುಪಿದ್ದೇ ತಡ ನವಲಗುಂದ, ನರಗುಂದ, ಅಣ್ಣಿಗೇರಿಗಳಲ್ಲಿ ರೈತರು ಬೀದಿಗಿಳಿದರು. ಆ ದಿನಗಳಲ್ಲೇ ಪೊಲೀಸರು ನವಲಗುಂದ ತಾಲ್ಲೂಕಿನ ಯಮನೂರಿಗೆ ನುಗ್ಗಿ, ಹೆಂಗಸರು, ವಯಸ್ಸಾದವರು ಎನ್ನದೆ ಲಾಠಿ ಬೀಸಿದ್ದನ್ನು ನಾಡು ಟಿವಿಯಲ್ಲಿ ಕಂಡಿತು. ಅಲ್ಲಿಯವರೆಗೆ ಹೊರಗಿನವರು ಈ ಊರನ್ನು ಬಲ್ಲದ್ದು ಜಾತ್ರೆಯಿಂದ: ಚಾಂಗದೇವನೆಂದೂ ರಾಜಾಬಾಗಸವಾರನೆಂದೂ ಹಿಂದೂಗಳು, ಮುಸ್ಲಿಮರು ಇಬ್ಬರೂ ನಡೆದುಕೊಳ್ಳುವ ಗದ್ದುಗೆ, ಬೆಣ್ಣೆಹಳ್ಳದ ನೀರು ತಂದು ದೀಪ ಹಚ್ಚುವ ಆಚರಣೆ.

ಯಮನೂರಿನ ಘಟನೆಯನ್ನು ರಾಜ್ಯಗಳ ನಡುವಿನ ಜಲವಿವಾದದ ಒಂದು ಪುಟವಾಗಿ ಬರೆದು ಮುಗಿಸುವುದು ರೂಢಿ. ಅದರ ಬೇರು ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಇಳಿಯುತ್ತದೆ ಎಂಬುದು ನನ್ನ ವಾದ. ಕಂದಾಯದ ಮೋಜಣಿಯಿಂದ ಬೆಳೆವಿಮೆಯ ಪೋರ್ಟಲ್‌ವರೆಗೆ ಈ ಬಯಲಿಗೆ ಬಂದ ಯಂತ್ರ, ಬೀಜ, ಕಾಲುವೆಗಳ ಹಿಂದೆಲ್ಲ ಒಂದೇ ಎಣಿಕೆಯ ತಂತ್ರ ಕೆಲಸ ಮಾಡಿದೆ. ಅದು ಸರಾಸರಿ. ಮಳೆ ಒಂದು ವರ್ಷ ಸುರಿಯುತ್ತದೆ, ಇನ್ನೊಂದು ವರ್ಷ ಮುಖ ತೋರಿಸುವುದಿಲ್ಲ. ಸರ್ಕಾರಕ್ಕೆ, ಗಿರಣಿಗೆ, ಬ್ಯಾಂಕಿಗೆ ಬೇಕಾದದ್ದು ವರ್ಷ ವರ್ಷವೂ ಏರಿಳಿಯದ ಒಂದು ಅಂಕಿ. ಆ ಅಂಕಿಗೂ ಹೊಲದಲ್ಲಿ ನಿಜವಾಗಿ ಆದದ್ದಕ್ಕೂ ನಡುವಿನ ಅಂತರವನ್ನು ಪ್ರತಿ ಸಲವೂ ತುಂಬಿಕೊಟ್ಟವನು ರೈತ. ಹವಾಮಾನ ಬದಲಾವಣೆ ಎಂದು ನಾವು ಕರೆಯುತ್ತಿರುವುದು ಆ ಅಂತರವನ್ನು ಹಿಗ್ಗಿಸುತ್ತಿದೆ.

ಮೊದಲ ಸರಾಸರಿ ಕಂದಾಯದ್ದು. ಪೇಶ್ವೆಗಳ ಆಡಳಿತ 1818ರಲ್ಲಿ ಮುಗಿದ ಮೇಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಧಾರವಾಡ ಸೀಮೆಯಲ್ಲಿ ಜಾರ್ಜ್ ವಿಂಗೇಟನ ನೇತೃತ್ವದ ಮೋಜಣಿ 1840ರ ದಶಕದಲ್ಲಿ ನಡೆಯಿತು. 1847ರ ಜಂಟಿ ವರದಿ ಈ ಪದ್ಧತಿಯ ಕೈಪಿಡಿಯಾಯಿತು. ಮಣ್ಣಿನ ಬಣ್ಣ, ಆಳ ನೋಡಿ ಪ್ರತಿ ಹೊಲಕ್ಕೂ ಆಣೆಗಳಲ್ಲಿ ಬೆಲೆ ಕಟ್ಟಿ, ಮೂವತ್ತು ವರ್ಷಕ್ಕೆ ನಗದು ಕಂದಾಯ ನಿಗದಿ ಮಾಡಲಾಯಿತು. ಒಳ್ಳೆಯ ವರ್ಷ ಉಳಿಸಿ ಕೆಟ್ಟ ವರ್ಷ ಕಟ್ಟುವುದು ರೈತನ ಜಾಣ್ಮೆಗೆ ಬಿಟ್ಟ ವಿಷಯ ಎಂಬುದು ಅದರ ಒಳಗಿನ ತರ್ಕ. ಬೆಳೆಯಲ್ಲಿ ಪಾಲು ಕೊಡುವ ಹಳೆಯ ಕ್ರಮಗಳಲ್ಲಿ ದೊರೆಯೂ ಮಳೆಯ ಜೊತೆ ಸ್ವಲ್ಪ ಸೋಲುತ್ತಿದ್ದ. ಹೊಸ ಕ್ರಮದಲ್ಲಿ ಮಳೆ ಹೋದರೂ ಕಂತು ಬರಲೇಬೇಕು, ಕಂತಿಗೆ ರೊಕ್ಕ ಬೇಕು, ರೊಕ್ಕ ತರುವ ಬೆಳೆ ಹತ್ತಿ.

ಹತ್ತಿಯ ಕಥೆಯಲ್ಲಿ ಸ್ವಲ್ಪ ನಿಲ್ಲಬೇಕು. ಈ ಸೀಮೆಯ ಜವಾರಿ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾರಣ ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಿ ಹೆಂಗಸರು ಅದರ ಕಾಳು ಬಿಡಿಸುತ್ತಿದ್ದರು. ಲ್ಯಾಂಕಾಶೈರ್‌ನ ಗಿರಣಿಗಳಿಗೆ ಬೇಕಾದದ್ದು ಉದ್ದನೆಯ ಎಳೆ. ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿತು. ಅವರಲ್ಲೊಬ್ಬನಾದ ಮರ್ಸರ್ ಹುಬ್ಬಳ್ಳಿ ಸಮೀಪದ ಕುಸುಗಲ್ಲಿನಲ್ಲಿ ತೋಟ ಮಾಡಿದ. ಧಾರವಾಡದ ಕಲೆಕ್ಟರ್ ಶಾ ನ್ಯೂ ಆರ್ಲಿಯನ್ಸ್ ಬೀಜವನ್ನು ರೈತರ ಹೊಲಕ್ಕೆ ಇಳಿಸಿದ. ಬೀಜ ನೆಲಕ್ಕೆ ಒಗ್ಗಿತು. ಆದರೆ ಅದರ ಎಳೆ ಕಾಳಿಗೆ ಎಷ್ಟು ಗಟ್ಟಿಯಾಗಿ ಅಂಟಿತ್ತೆಂದರೆ ಪಾದದ ಸರಳಿಗೆ ಬಗ್ಗಲಿಲ್ಲ, ಗರಗಸದ ಹಲ್ಲಿನ ಜಿನ್ನು ಬೇಕಾಯಿತು. ಜಿನ್ನು ರಿಪೇರಿಗೂ ತಯಾರಿಗೂ ಧಾರವಾಡದಲ್ಲಿ ಸರ್ಕಾರವೇ ಕಾರ್ಖಾನೆ ತೆರೆಯಿತು. ಬೀಜ ಬದಲಾದ ಕೂಡಲೇ ಯಂತ್ರ, ಯಂತ್ರದ ಹಿಂದೆ ಯಂತ್ರದ ಒಡೆಯ, ಒಡೆಯನ ಹಿಂದೆ ಸಾಲ ಬಂದವು. ಕಾಳು ಬಿಡಿಸುವ ಕೆಲಸ ಮನೆಯ ಅಂಗಳ ದಾಟಿ ಹೋಯಿತು.

ಅಮೆರಿಕದ ಅಂತರ್ಯುದ್ಧ (1861–65) ಈ ಏರ್ಪಾಟಿಗೆ ಗಾಳಿ ಹಾಕಿತು. ಬೆಲೆ ಗಗನಕ್ಕೇರಿತು. ಧಾರವಾಡದ ಹತ್ತಿ ಕಾರವಾರದಿಂದ ಸಾಗಲೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದಕ್ಕೆ ಈ ಬಂದರಿನ ಲೆಕ್ಕಾಚಾರವೂ ಕಾರಣ. ಬೆಲೆ ಏರಿದಾಗ ಕಲಬೆರಕೆ ಏರಿತು, ಅದನ್ನು ತಡೆಯಲು 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ವಂಚನೆ ಕಾಯ್ದೆ ತಂದಿತು. ಯುದ್ಧ ಮುಗಿದದ್ದೇ ಬೆಲೆ ಕುಸಿಯಿತು. ಕಂದಾಯದ ಪರಿಷ್ಕರಣೆ ಮಾತ್ರ ಏರಿದ ಬೆಲೆಯನ್ನು ನೆನಪಿಟ್ಟುಕೊಂಡೇ ಬಂತು. ಅದರ ಬೆನ್ನಿಗೇ ಧಾತು–ಈಶ್ವರ ಸಂವತ್ಸರಗಳ ಬರ, 1876–78. ಮುಂಬಯಿ ಪ್ರಾಂತ್ಯದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಧಾರವಾಡವೂ ಒಂದು. ಆ ಬರವನ್ನು ಮೈಕ್ ಡೇವಿಸ್ 2001ರ ತಮ್ಮ ಗ್ರಂಥದಲ್ಲಿ ಎಲ್ ನಿನೋ ಮತ್ತು ವಸಾಹತು ಮಾರುಕಟ್ಟೆ ಎರಡೂ ಕೂಡಿ ಮಾಡಿದ ಸಾವೆಂದು ವಿವರಿಸಿದ್ದಾರೆ. ಮಳೆ ತಪ್ಪುವುದು ಪ್ರಕೃತಿ, ಹಗೇವು ಬರಿದಾಗುವುದು ಚರಿತ್ರೆ ಎಂಬ ಅವರ ತಿಳಿವು ನಮ್ಮ ಬಯಲಿಗೆ ಪೂರಾ ಹೊಂದುತ್ತದೆ ಎಂದು ನಾನು ತಿಳಿದಿದ್ದೇನೆ. ಜೋಳದ ಹೊಲ ಹತ್ತಿಗೆ ಹೋದಷ್ಟೂ ಊರಿನ ಹಗೇವುಗಳಲ್ಲಿ ಉಳಿಯುವ ಕಾಳು ಕಡಿಮೆ.

ಹವಾಮಾನದ ಚರ್ಚೆಗೆ ಇದೇ ಹತ್ತಿ ಇನ್ನೊಂದು ದಾರಿಯಿಂದಲೂ ಸೇರುತ್ತದೆ. ಆಂಡ್ರಿಯಾಸ್ ಮಾಲ್ಮ್ 2016ರ ‘ಫಾಸಿಲ್ ಕ್ಯಾಪಿಟಲ್’ ಗ್ರಂಥದಲ್ಲಿ ಬ್ರಿಟಿಷ್ ಹತ್ತಿ ಗಿರಣಿಗಳು ನೀರಿನ ಚಕ್ರ ಬಿಟ್ಟು ಕಲ್ಲಿದ್ದಲಿಗೆ ಹೋದದ್ದು ಅದು ಅಗ್ಗವೆಂದಲ್ಲ ಎಂದು ತೋರಿಸುತ್ತಾರೆ. ನೀರು ಆಗಲೂ ಅಗ್ಗವೇ ಇತ್ತು. ಉಗಿಯಂತ್ರವನ್ನು ಕೂಲಿಕಾರರು ಕಿಕ್ಕಿರಿದ ಪಟ್ಟಣದೊಳಗೇ ಇಡಬಹುದಾಗಿತ್ತು, ಅವರ ಮೇಲೆ ಹಿಡಿತ ಬಿಗಿಯಾಗುತ್ತಿತ್ತು. ಮಾಲ್ಮ್ ವಾದಕ್ಕೆ ನಾನು ಸೇರಿಸುವುದು ಇಷ್ಟು: ಮಾಲೀಕ ನದಿಯ ಏರಿಳಿತದಿಂದ ಬಿಡಿಸಿಕೊಂಡ, ಅವನಿಗೆ ಕಚ್ಚಾ ಹತ್ತಿ ಕೊಟ್ಟ ರೈತ ಮಳೆಗೆ ಕಟ್ಟಿಹಾಕಿದಂತೆಯೇ ಉಳಿದ. ಆ ಚಿಮಣಿಗಳ ಹೊಗೆ ಇವತ್ತಿಗೂ ಆಕಾಶದಲ್ಲಿದೆ. 2011–20ರ ದಶಕದ ಹೊತ್ತಿಗೆ ಭೂಮಿಯ ಸರಾಸರಿ ತಾಪ 1850–1900ಕ್ಕಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಏರಿತ್ತು.

ಮುಂದಿನ ಎಂಬತ್ತು ವರ್ಷಗಳನ್ನು ಬೇಗ ದಾಟಬಹುದು. 1880ರ ದಶಕದಲ್ಲಿ ರೈಲು ಬಂತು, ಹುಬ್ಬಳ್ಳಿ, ಗದಗ, ಅಣ್ಣಿಗೇರಿಗಳಲ್ಲಿ ಹತ್ತಿಯ ವ್ಯಾಪಾರ ಬೆಳೆಯಿತು. ಚರಿತ್ರೆ ಮತ್ತೆ ಬಿಸಿಯಾಗುವುದು ನವಿಲುತೀರ್ಥದಲ್ಲಿ.

ಮಲಪ್ರಭಾ ನದಿಗೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಕಟ್ಟಿದ ರೇಣುಕಾಸಾಗರದ ಸಾಮರ್ಥ್ಯ 37.73 ಟಿಎಂಸಿ ಅಡಿ. 1970ರ ದಶಕದಲ್ಲಿ ಬಲದಂಡೆ ಕಾಲುವೆಯ ನೀರು ನರಗುಂದ, ನವಲಗುಂದದ ಎರಿ ಹೊಲಗಳಿಗೆ ಬಂತು. ಸರಿಯಾಗಿ ಅದೇ ಹೊತ್ತಿಗೆ, 1972ರಲ್ಲಿ, ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಿ.ಎಚ್. ಕಟರ್ಕಿ ಅವರು ರೂಪಿಸಿದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಹೊರಬಂತು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವಾಣಿಜ್ಯ ಬೇಸಾಯಕ್ಕೆ ತಂದ ಮೊದಲ ಹೈಬ್ರಿಡ್ ಅದು, ಕನ್ನಡ ನಾಡಿನ ವಿಜ್ಞಾನದ ದೊಡ್ಡ ಸಾಧನೆ. ಅದರ ಬೀಜ ಮನೆಯಲ್ಲಿ ಎತ್ತಿಡಲು ಬರುವುದಿಲ್ಲ, ಗೊಬ್ಬರ, ಔಷಧ, ನೀರು ಎಲ್ಲವೂ ಬೇಕು. ಕಾಲುವೆ ಮತ್ತು ವರಲಕ್ಷ್ಮಿ ಸೇರಿ ಕೆಲವೇ ವರ್ಷಗಳಲ್ಲಿ ಬಯಲಿನ ಬದುಕನ್ನೇ ಬದಲಿಸಿದವು. ಎರಿ ಮಣ್ಣು ನೀರು ಹಿಡಿದಿಟ್ಟುಕೊಳ್ಳುವ ಮಣ್ಣು. ಬಸಿಗಾಲುವೆ ಇಲ್ಲದ ಕಡೆ ಸವಳು ಮೇಲೆದ್ದಿತು, ಜವಳು ನಿಂತಿತು. ದಶಕದ ಕೊನೆಗೆ ಹತ್ತಿಯ ಬೆಲೆಯೂ ಬಿತ್ತು.

ಆಗ ಬಂದದ್ದು ಬೆಟರ್‌ಮೆಂಟ್ ಲೆವಿ. ಇದಕ್ಕೆ ಆಧಾರ 1957ರ ಕಾಯ್ದೆ. ನೀರಾವರಿಯಿಂದ ಹೊಲದ ಬೆಲೆ ಏರುತ್ತದೆ, ಆ ಏರಿಕೆಯಲ್ಲಿ ಸರ್ಕಾರಕ್ಕೆ ಪಾಲು ಎಂಬುದು ಅದರ ನ್ಯಾಯ. ತತ್ವದಲ್ಲಿ ಅದನ್ನು ಅನ್ಯಾಯವೆನ್ನಲಾರೆ. ಆದರೆ ಅದು ಲೆಕ್ಕ ಹಿಡಿದದ್ದು ನಕಾಶೆಯ ಮೇಲಿನ ನೀರನ್ನು. ಕಾಲುವೆಯ ಕೊನೆಯಲ್ಲಿ ನೀರು ಕಾಣದವನಿಗೂ, ಜವಳು ನಿಂತು ಹೊಲ ಕಳೆದುಕೊಂಡವನಿಗೂ ಅಚ್ಚುಕಟ್ಟಿನ ಗೆರೆಯೊಳಗಿದ್ದೀ ಎಂದು ನೋಟೀಸು ಬಂತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ತಹಶೀಲ್ದಾರ ಕಚೇರಿಗೆ ಮುತ್ತಿಗೆ ಹಾಕಿದರು, ಗೋಲಿಬಾರಾಯಿತು. ಅಳಗವಾಡಿಯ ಬಸಪ್ಪ ಲಕ್ಕುಂಡಿ ಮತ್ತು ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಹುತಾತ್ಮರಾದರು. ಘರ್ಷಣೆಯಲ್ಲಿ ಪೊಲೀಸರೂ ಸತ್ತರು, ಆ ಸಾವುಗಳನ್ನೂ ಚರಿತ್ರೆ ಮುಚ್ಚಿಡಬಾರದು. ಗುಂಡೂರಾಯರ ಸರ್ಕಾರ ಲೆವಿಯಿಂದ ಹಿಂದೆ ಸರಿಯಿತು. ಆ ವರ್ಷವೇ ಕರ್ನಾಟಕ ರಾಜ್ಯ ರೈತ ಸಂಘ ಕಟ್ಟಿಕೊಂಡಿತು. 1983ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ ಮೊದಲ ಬಾರಿ ಅಧಿಕಾರ ಕಳೆದುಕೊಂಡಿತು.

ಬಂಡಾಯವನ್ನು ಕರ ನಿರಾಕರಣೆ ಎಂದಷ್ಟೇ ಓದುವುದು ಸಾಲದು. ಅದು ಅಳತೆಯ ಅಧಿಕಾರವನ್ನೇ ಪ್ರಶ್ನಿಸಿತು: ನೀರು ಬಂದಿದೆಯೆಂದು ಹೇಳುವವರು ಯಾರು, ಹೊಲದವನೋ ಕಚೇರಿಯ ನಕಾಶೆಯೋ? ಮುಂದೆ ರೈತ ಸಂಘ ಬೀಜದ ಒಡೆತನದ ಪ್ರಶ್ನೆಗೆ ಹೊರಳಿದ್ದು, 1992ರಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದ್ದು, 1998ರಲ್ಲಿ ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದಲ್ಲಿ ಬಿಟಿ ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿ ಇಟ್ಟದ್ದು ಇದೇ ಸಾಲಿನವು. ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಭಾಗಿಯಾಗಿದ್ದ ಸಾರ್ವಜನಿಕ ಬಿಟಿ ತಳಿ, ಬಿಕಾನೇರಿ ನರ್ಮಾ, ಎತ್ತಿಟ್ಟು ಮರಳಿ ಬಿತ್ತಬಹುದಾದ ಬೀಜವಾಗಿತ್ತು. ಅದರಲ್ಲಿ ಮೊನ್ಸಾಂಟೊದ ಜೀನು ಬೆರೆತಿದೆಯೆಂದು ತಿಳಿದು ಅದನ್ನು ಹಿಂತೆಗೆಯಬೇಕಾಯಿತು. ಈ ಸೋಲನ್ನು ನಾನು ನೋವಿನಿಂದಲೇ ದಾಖಲಿಸುತ್ತೇನೆ, ಏಕೆಂದರೆ ಕಟರ್ಕಿ ಅವರ ಪರಂಪರೆಗೆ ಬೇರೊಂದು ಮುಂದುವರಿಕೆ ಸಾಧ್ಯವಿತ್ತು.

ರೇಣುಕಾಸಾಗರ ವರ್ಷ ವರ್ಷವೂ ತುಂಬಲಿಲ್ಲ. ಮೇಲಿನ ಭಾಗದಲ್ಲಿ ಪಂಪ್‌ಸೆಟ್ಟುಗಳು ಹೆಚ್ಚಿದವು, ಕಬ್ಬು ಹಬ್ಬಿತು. ನವಲಗುಂದದ ಹಳ್ಳಿಗಳಲ್ಲಿ ಬೋರು ಕೊರೆದರೆ ಬರುವುದು ಉಪ್ಪುನೀರು. ಕುಡಿಯಲು ಕಾಲುವೆಯಿಂದ ತುಂಬಿಸಿದ ಕೆರೆಯೇ ಗತಿ. ಹೀಗಾಗಿ ಮಹದಾಯಿ ಕೊಳ್ಳದ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ–ಬಂಡೂರಿ ಯೋಜನೆ ಇಲ್ಲಿ ಗಂಟಲಿನ ಪ್ರಶ್ನೆ. ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕೊಟ್ಟ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಎಂದಿದೆ. ಅದರಲ್ಲಿ 8.02 ಜಲವಿದ್ಯುತ್ತಿಗೆ. ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.90. ರೇಣುಕಾಸಾಗರದ ಸಾಮರ್ಥ್ಯದ ಹತ್ತರಲ್ಲಿ ಒಂದು ಪಾಲು. ಮಹದಾಯಿಯಲ್ಲಿ 188.06 ಟಿಎಂಸಿ ಅಡಿ ನೀರಿದೆ ಎಂದು ನ್ಯಾಯಮಂಡಳಿ ಹೇಳಿದ್ದು ನೂರರಲ್ಲಿ ಎಪ್ಪತ್ತೈದು ವರ್ಷ ಖಾತರಿಯಾಗಿ ಸಿಗುವ ಪ್ರಮಾಣ ಎಂಬ ಅರ್ಥದಲ್ಲಿ. ಕೃಷ್ಣಾ ಕೊಳ್ಳಕ್ಕೆ ಬಚಾವತ್ ಆಯೋಗ ಹಿಡಿದ 2060 ಟಿಎಂಸಿಯೂ ಇದೇ ಬಗೆಯ ಅಂಕಿ. ಹಿಂದಿನ ಮಳೆಯಂತೆ ಮುಂದಿನ ಮಳೆ ಎಂಬ ನಂಬಿಕೆಯ ಮೇಲೆ ಇವು ನಿಂತಿವೆ. ಆ ನಂಬಿಕೆಯ ಕಾಲ ಮುಗಿಯಿತೆಂದು ಮಿಲಿ ಮತ್ತು ಸಂಗಡಿಗರು 2008ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಯಮನೂರಿನವರ ಬಾಯಾರಿಕೆ ನಿಜ, ಅವರ ಹೋರಾಟ ನ್ಯಾಯದ್ದು. ಪಶ್ಚಿಮ ಘಟ್ಟದ ಕಾಡಿನಿಂದ ತರುವ ಈ ನೀರೂ ಅದೇ ಮುಂಗಾರಿನ ಕೂಸು ಎಂಬ ಮಾತನ್ನು ಮಾತ್ರ ನಮ್ಮ ರಾಜಕಾರಣಿಗಳು ಅವರಿಗೆ ಹೇಳಿಲ್ಲ.

ಇನ್ನು ಬೆಳೆವಿಮೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಜಾರಿಗೆ ಬಂದದ್ದು ಯಮನೂರಿನಲ್ಲಿ ಲಾಠಿ ಬೀಸಿದ ಅದೇ 2016ರ ಮುಂಗಾರಿಗೆ. ರೈತ ಕಟ್ಟುವ ಕಂತು ಮುಂಗಾರಿ ಬೆಳೆಗೆ ವಿಮಾ ಮೊತ್ತದ ನೂರಕ್ಕೆ 2, ಹಿಂಗಾರಿಗೆ 1.5, ವಾಣಿಜ್ಯ ಬೆಳೆಗೆ 5. ಉಳಿದದ್ದನ್ನು ಕೇಂದ್ರ, ರಾಜ್ಯ ಎರಡೂ ಸರ್ಕಾರಗಳು ವಿಮಾ ಕಂಪನಿಗೆ ತುಂಬುತ್ತವೆ. ಪರಿಹಾರ ಸಿಗಬೇಕಾದರೆ ಇಡೀ ಗ್ರಾಮ ಪಂಚಾಯತಿಯ ಇಳುವರಿ ಒಂದು ಖಾತರಿ ಮಟ್ಟಕ್ಕಿಂತ ಕೆಳಗೆ ಬೀಳಬೇಕು. ಆ ಮಟ್ಟ ಹಿಂದಿನ ಏಳು ವರ್ಷಗಳ ಇಳುವರಿಯಿಂದ, ಕೆಟ್ಟ ಎರಡನ್ನು ಬಿಟ್ಟು, ತೆಗೆದ ಸರಾಸರಿಯ ಒಂದು ಭಾಗ. ಇಲ್ಲಿ ಎರಡು ತೊಡಕುಗಳಿವೆ. ಬೆಣ್ಣೆಹಳ್ಳ ಉಕ್ಕಿ ದಂಡೆಯ ಹೆಸರು ಕೊಚ್ಚಿಹೋದಾಗ, ಎತ್ತರದ ಹೊಲದಲ್ಲಿ ಅದೇ ಹೆಸರು ನಿಂತಿರುತ್ತದೆ. ಪಂಚಾಯತಿಯ ಸರಾಸರಿಯಲ್ಲಿ ದಂಡೆಯವನ ನಷ್ಟ ಕರಗಿಹೋಗುತ್ತದೆ. ಹೊಲಕ್ಕೆ ನೀರು ನುಗ್ಗಿದ್ದಕ್ಕೆ ಪ್ರತ್ಯೇಕ ಪರಿಹಾರವಿದೆ, ಆದರೆ 72 ಗಂಟೆಯೊಳಗೆ ದೂರು ದಾಖಲಾಗಬೇಕು. ಹಳ್ಳ ಸೊಕ್ಕಿ ರಸ್ತೆ ಕಡಿದ ಊರಿನಲ್ಲಿ ಆ ಮೂರು ದಿನ ಜೀವ, ದನಕರು ಕಾಯುವುದರಲ್ಲೇ ಕಳೆಯುತ್ತವೆ.

ಎರಡನೆಯದು ಇನ್ನೂ ಆಳದ್ದು. 2019ರ ಆಗಸ್ಟಿನಲ್ಲಿ ನೆರೆ ಬಂತು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ನೆರೆಗೆ ಹಳ್ಳದ ಹೂಳು, ಪಾತ್ರದಲ್ಲಿ ಬೆಳೆದ ಜಾಲಿಕಂಟಿಯೂ ಕಾರಣವಾದ್ದರಿಂದ ಎಲ್ಲವನ್ನೂ ಬಿಸಿಯೇರಿದ ಆಕಾಶದ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಬಿಸಿಯಾದ ಗಾಳಿ ಹೆಚ್ಚು ತೇವ ಹಿಡಿದು ಒಮ್ಮೆಗೇ ಸುರಿಸುತ್ತದೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಸಂಶಯವಿಲ್ಲ. ಏಳು ವರ್ಷಗಳಲ್ಲಿ ಕೆಟ್ಟವು ಎರಡೇ ಆದಾಗ ಸೂತ್ರ ಅವನ್ನು ಬಿಟ್ಟುಬಿಡುತ್ತದೆ. ಮೂರೋ ನಾಲ್ಕೋ ಆದಾಗ ನಷ್ಟದ ವರ್ಷಗಳೇ ಸರಾಸರಿಯೊಳಗೆ ಸೇರಿ ಖಾತರಿ ಮಟ್ಟವನ್ನು ಕೆಳಗೆಳೆಯುತ್ತವೆ. ಅಂದರೆ ಹವಾಮಾನ ಕೆಟ್ಟಷ್ಟೂ ರೈತನಿಗಿರುವ ಭರವಸೆ ಇಳಿಯುತ್ತದೆ, ಕಂಪನಿಯ ಹೊಣೆ ಹಗುರಾಗುತ್ತದೆ. ಇಳುವರಿ ಅಳೆಯುವ ಬೆಳೆ ಕೊಯ್ಲು ಪ್ರಯೋಗದ ಜಾಗದಲ್ಲಿ ಉಪಗ್ರಹದ ಚಿತ್ರ ಬಂದರೂ ಈ ಸೂತ್ರ ಹಾಗೇ ಉಳಿದರೆ ಅಳತೆ ಚುರುಕಾಗಬಹುದು, ಹೊಣೆ ಹಂಚಿಕೆ ಬದಲಾಗದು. ಖಾತರಿ ಮಟ್ಟವನ್ನು ಒಂದು ನಿಗದಿತ ಅವಧಿಯ ಇಳುವರಿಗೆ ಕಟ್ಟಿ ಕೆಳಗಿಳಿಯದಂತೆ ಮಾಡುವುದು, ಹಳ್ಳದ ದಂಡೆಯ ಹೊಲಗಳನ್ನು ಬೇರೆ ಘಟಕವೆಂದು ಎಣಿಸುವುದು, ಪಂಚಾಯತಿಯ ಮಳೆಮಾಪನ ಮತ್ತು ಕೊಯ್ಲಿನ ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಿ ಒಪ್ಪಿಗೆ ಪಡೆಯುವುದು: ಈ ಮೂರಕ್ಕೂ ಹೊಸ ಯಂತ್ರ ಬೇಡ, ಯೋಜನೆಯ ನಿಯಮದಲ್ಲಿ ತಿದ್ದುಪಡಿ ಬೇಕು, ಮತ್ತು ಅದರ ಖರ್ಚು ವಿಮಾ ಕಂಪನಿ ಹಾಗೂ ಸರ್ಕಾರದ ಪಾಲಿಗೆ ಬರುತ್ತದೆ.