ಕೊಡಚಾದ್ರಿಯ ಗುರುತಿನಿಂದ ನಾವಿಕ್‌ವರೆಗೆ

ಬೈಂದೂರಿನ ಶಿರೂರಿನಿಂದ ಬ್ರಹ್ಮಾವರದ ಕೋಡಿಬೆಂಗ್ರೆವರೆಗಿನ ಕಡಲಿನಲ್ಲಿ ದೋಣಿ ಎಲ್ಲಿದೆ ಎಂದು ತಿಳಿಯುವ ವಿದ್ಯೆ ಬಹುಕಾಲ ನೆಲದ ಗುರುತುಗಳನ್ನೇ ಆಧರಿಸಿತ್ತು. ಪೂರ್ವಕ್ಕೆ 1,343 ಮೀಟರ್ ಎತ್ತರದ ಕೊಡಚಾದ್ರಿ, ಉತ್ತರಕ್ಕೆ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪ, ದಡದಲ್ಲಿ ತೆಂಗಿನ ಸಾಲು, ಕುಂದಾಪುರ ಕೋಡಿಯ ದೀಪಸ್ತಂಭ. ದಡದ ಗುರುತೊಂದು ಹಿಂದಿನ ಬೆಟ್ಟದ ನೇರಕ್ಕೆ ಬಂದರೆ ಒಂದು ಗೆರೆ ಸಿಕ್ಕಿತು. ಬೇರೊಂದು ಜೋಡಿ ಗುರುತಿನಿಂದ ಇನ್ನೊಂದು ಗೆರೆ. ಎರಡೂ ಕೂಡುವಲ್ಲಿ ದೋಣಿ. ಹಗ್ಗಕ್ಕೆ ಕಟ್ಟಿದ ಗುಂಡು ನೀರಿನ ಆಳ ಹೇಳುತ್ತಿತ್ತು, ಗುಂಡಿಗೆ ಅಂಟಿ ಬಂದ ಕೆಸರು ಅಥವಾ ಮರಳು ತಳದ ಸ್ವರೂಪ ಹೇಳುತ್ತಿತ್ತು. ರಾತ್ರಿ ನಕ್ಷತ್ರಗಳಿದ್ದವು. ಬರವಣಿಗೆಯಿಲ್ಲದ ಈ ಲೆಕ್ಕವೆಲ್ಲ ದೋಣಿ ನಡೆಸುವ ತಂಡೇಲನ ತಲೆಯಲ್ಲಿ ಇರುತ್ತಿತ್ತು. ಗಂಗೊಳ್ಳಿಯ ಖಾರ್ವಿಗಳು, ಉಪ್ಪುಂದ, ಮರವಂತೆ, ಕೋಡಿಗಳ ಮೊಗವೀರರು ಅದನ್ನು ತಲೆಮಾರಿನಿಂದ ತಲೆಮಾರಿಗೆ ದೋಣಿಯಲ್ಲೇ ಕಲಿಸಿದರು.

ದಡ ಕಾಣುವವರೆಗೆ ಈ ವಿದ್ಯೆಗೆ ಕೊರತೆಯಿರಲಿಲ್ಲ. ದಡದಿಂದ ಎಳೆಯುವ ಕೈರಂಪಣಿ ಬಲೆಯ ಕಾಲದಲ್ಲಿ ಮೀನುಗಾರಿಕೆ ದಡದ ಆಸುಪಾಸಿನಲ್ಲೇ ನಡೆಯುತ್ತಿತ್ತು. 1970ರ ದಶಕದ ನಡುವಿನಲ್ಲಿ ಕರ್ನಾಟಕ ಕರಾವಳಿಗೆ ಪರ್ಸೀನ್ ಬಲೆ ಬಂತು. ರಂಪಣಿ ಹಿಂದೆ ಸರಿಯಿತು. ಯಾಂತ್ರೀಕೃತ ಬೋಟುಗಳು ಬೆಟ್ಟಗಳೂ ಮರೆಯಾಗುವಷ್ಟು ದೂರಕ್ಕೆ, ಹಲವು ದಿನಗಳ ಆಳಸಮುದ್ರ ಮೀನುಗಾರಿಕೆಗೆ ಹೊರಟವು. ಅಲ್ಲಿ ದಿಕ್ಸೂಚಿ ದಿಕ್ಕನ್ನು ತೋರಿಸುತ್ತದೆಯೇ ಹೊರತು ನೆಲೆಯನ್ನಲ್ಲ.

ಆ ನೆಲೆಯನ್ನು ಹೇಳಬಲ್ಲ ಜಿಪಿಎಸ್‌ನ ಮೊದಲ ಉಪಗ್ರಹವನ್ನು ಅಮೆರಿಕದ ರಕ್ಷಣಾ ಇಲಾಖೆ ಹಾರಿಸಿದ್ದು 1978ರಲ್ಲಿ. ವ್ಯವಸ್ಥೆ ಪೂರ್ಣಗೊಂಡದ್ದು 1995ರಲ್ಲಿ. ನಾಗರಿಕರ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ಕೈಬಿಟ್ಟ ಮೇಲೆ ಸುಮಾರು 100 ಮೀಟರ್‌ವರೆಗಿದ್ದ ತಪ್ಪು ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಉಪಗ್ರಹ ಕಳಿಸುವುದು ಮುಖ್ಯವಾಗಿ ತನ್ನ ಸಮಯ ಮತ್ತು ತಾನಿರುವ ಜಾಗ. ಸಂಕೇತ ಬರಲು ಹಿಡಿದ ಸಮಯದಿಂದ ರಿಸೀವರ್ ದೂರ ಲೆಕ್ಕಹಾಕುತ್ತದೆ. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಅದಕ್ಕಾಗಿಯೇ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು: ಮೂರು ನೆಲೆಗೆ, ಒಂದು ರಿಸೀವರಿನ ಗಡಿಯಾರ ತಿದ್ದಲು.

ಈ ಚರಿತ್ರೆಯಲ್ಲಿ ಎಲ್ಲರೂ ಮರೆಯುವ ಕೊಂಡಿಯೊಂದಿದೆ. ರಿಸೀವರ್ ಹೇಳಿದ್ದನ್ನು ಕಂಪ್ಯೂಟರ್ ಅರಿಯಲು ನಡುವೆ ಡ್ರೈವರ್ ಎಂಬ ಚಾಲಕ ತಂತ್ರಾಂಶವೂ ಅದರ ಮಾತನ್ನು ಅರ್ಥೈಸುವ ತಂತ್ರಾಂಶವೂ ಬೇಕು. ಹಡಗಿನ ಉಪಕರಣಗಳಿಗಾಗಿ 1983ರಲ್ಲಿ ರೂಪುಗೊಂಡ ಎನ್‌ಎಂಇಎ 0183 ಎಂಬ ಮಾನಕದ ಪ್ರಕಾರ ರಿಸೀವರ್ ಸೆಕೆಂಡಿಗೆ 4,800 ಬಿಟ್‌ನ ನಿಧಾನ ವೇಗದಲ್ಲಿ ಅಲ್ಪವಿರಾಮಗಳಿಂದ ಬೇರ್ಪಟ್ಟ ಸಾಲುಗಳನ್ನು ಕಳಿಸುತ್ತದೆ. ಗಂಗೊಳ್ಳಿಯ ಎದುರಿನ ಬೋಟಿನ ಅಕ್ಷಾಂಶ ಅದರಲ್ಲಿ 1339.00 ಎಂದು ಬರುತ್ತದೆ. ಅರ್ಥ 13 ಡಿಗ್ರಿ 39 ನಿಮಿಷ, ದಶಮಾಂಶದಲ್ಲಿ 13.65. ತಂತ್ರಾಂಶ ಅದನ್ನು 13.39 ಎಂದು ಓದಿಕೊಂಡರೆ ಬೋಟು ನಕ್ಷೆಯ ಮೇಲೆ ಸುಮಾರು 29 ಕಿ.ಮೀ. ದಕ್ಷಿಣಕ್ಕೆ, ಕೋಡಿಬೆಂಗ್ರೆಯ ಆಸುಪಾಸಿಗೆ ಸರಿದುಬಿಡುತ್ತದೆ. ಉಪಗ್ರಹದ ತಪ್ಪು ಹತ್ತು ಮೀಟರು, ಓದಿನ ತಪ್ಪು ಮೂವತ್ತು ಕಿಲೋಮೀಟರು.

ಇಷ್ಟು ಮುಖ್ಯವಾದ ರಿಸೀವರನ್ನು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಬಹುಕಾಲ ಬರಿಯ ಸೀರಿಯಲ್ ಪೋರ್ಟ್ ಎಂದೇ ಕಂಡಿತು. 1990ರ ದಶಕದಲ್ಲಿ ಹುಟ್ಟಿದ ಜಿಪಿಎಸ್‌ಡಿ ಎಂಬ ತಂತ್ರಾಂಶ ಒಂದೇ ರಿಸೀವರಿನ ಮಾಹಿತಿಯನ್ನು ಹಲವು ಪ್ರೋಗ್ರಾಮ್‌ಗಳಿಗೆ ಹಂಚುವ ಕೆಲಸ ಹೊತ್ತಿತು. ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲೇ ಉಪಗ್ರಹ ರಿಸೀವರುಗಳಿಗೆ ಪ್ರತ್ಯೇಕ ವಿಭಾಗ ಸೇರಿದ್ದು 2018ರ ಅಕ್ಟೋಬರಿನ 4.19ನೇ ಆವೃತ್ತಿಯಲ್ಲಿ, ಬರೆದವರು ಯೊಹಾನ್ ಹೊವೊಲ್ಡ್. ಯೂ-ಬ್ಲಾಕ್ಸ್ ಮತ್ತು ಸರ್ಫ್ ಚಿಪ್‌ಗಳ ಡ್ರೈವರುಗಳು ಜೊತೆಗೇ ಬಂದವು. ರಿಸೀವರಿಗೆ ವಿದ್ಯುತ್ ಕೊಡುವುದು, ಬೇಡವಾದಾಗ ಮಲಗಿಸುವುದು ಕರ್ನೆಲ್‌ನ ಪಾಲಿಗೆ ಬಂತು. ಸಾಲುಗಳನ್ನು ಓದಿ ಅರ್ಥೈಸುವುದು ಮೊದಲಿನಂತೆ ಹೊರಗಿನ ತಂತ್ರಾಂಶಕ್ಕೇ ಉಳಿಯಿತು.

ನಡುವಿನ ಈ ಕೊಂಡಿಯ ಮಹತ್ವವನ್ನು ಭಾರತದ ಸ್ವಂತ ವ್ಯವಸ್ಥೆಯ ಕಥೆ ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಇಸ್ರೋದ ಪಥದರ್ಶನ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ 2013ರ ಮೇ 28ರಂದು ಆರಂಭವಾಯಿತು; ಮೊದಲ ಉಪಗ್ರಹ ಅದೇ ವರ್ಷ ಜುಲೈ 1ರಂದು ಹಾರಿತು. 2016ರ ಏಪ್ರಿಲ್ 28ಕ್ಕೆ ಏಳನೆಯದು ಕಕ್ಷೆ ಸೇರಿ ವ್ಯವಸ್ಥೆಗೆ ನಾವಿಕ್ ಎಂಬ ಹೆಸರಾಯಿತು. ಆದರೆ ಆಗ ಜನರ ಕೈಯಲ್ಲಿದ್ದ ಫೋನುಗಳಿಗೆ ಅದರ ಎಲ್5 ಸಂಕೇತ ತಿಳಿಯುತ್ತಿರಲಿಲ್ಲ. ಆಂಡ್ರಾಯ್ಡ್ ಈ ಉಪಗ್ರಹ ಸಮೂಹಕ್ಕೆ ತನ್ನ ಪಟ್ಟಿಯಲ್ಲಿ ಜಾಗ ಕೊಟ್ಟದ್ದು 2019ರ ಹತ್ತನೇ ಆವೃತ್ತಿಯಲ್ಲಿ. ಅದನ್ನು ಗ್ರಹಿಸುವ ಚಿಪ್‌ಗಳ ಫೋನುಗಳು ಬಂದದ್ದು 2020ರಲ್ಲಿ. ಸಾಮಾನ್ಯ ರಿಸೀವರುಗಳಿಗೂ ನಿಲುಕುವ ಎಲ್1 ಸಂಕೇತ 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಶುರುವಾಯಿತು. ಆಕಾಶದಲ್ಲಿ ಸಿದ್ಧವಾದದ್ದು ಅಂಗೈಗೆ ಇಳಿಯಲು ವರ್ಷಗಳೇ ಬೇಕಾದವು.

ಮೀನುಗಾರನಿಗೆ ತನ್ನ ನೆಲೆ ತಿಳಿದರಷ್ಟೇ ಸಾಲದು, ದಡಕ್ಕೂ ಅದು ತಿಳಿಯಬೇಕು. ಜಿಪಿಎಸ್ ರಿಸೀವರ್ ಕೇಳಿಸಿಕೊಳ್ಳುತ್ತದೆ, ತಾನಾಗಿ ಯಾರಿಗೂ ಹೇಳುವುದಿಲ್ಲ. 2018ರ ಡಿಸೆಂಬರ್ 13ರಂದು ಏಳು ಮಂದಿಯೊಂದಿಗೆ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು 15ರ ರಾತ್ರಿ ಸಂಪರ್ಕ ಕಳೆದುಕೊಂಡಿತು. ಅದರ ಅವಶೇಷ ನೌಕಾಪಡೆಗೆ ಮಹಾರಾಷ್ಟ್ರದ ಮಾಲ್ವಣದ ಬಳಿ ಸಿಕ್ಕಿದ್ದು 2019ರ ಮೇ ಆರಂಭದಲ್ಲಿ. ನಾಲ್ಕೂವರೆ ತಿಂಗಳು ಮನೆಯವರು ಉತ್ತರವಿಲ್ಲದೆ ಕಾದರು. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಜೆಮಿನಿ ಎಂಬ ಉಪಕರಣ ಭಾರತದ ಗಗನ್ ವ್ಯವಸ್ಥೆಯ ಉಪಗ್ರಹಗಳ ಮೂಲಕ ಹವಾಮಾನದ ಎಚ್ಚರಿಕೆಯನ್ನು ಬೋಟಿಗೆ ತಲುಪಿಸಿತು, ಆದರೆ ಮರುಮಾತಿಗೆ ಅವಕಾಶವಿರಲಿಲ್ಲ. ಎರಡೂ ಕಡೆಯಿಂದ ಸಂದೇಶ ಸಾಗಿಸುವ ಇಸ್ರೋ ಟ್ರಾನ್ಸ್‌ಪಾಂಡರನ್ನು 1 ಲಕ್ಷ ಬೋಟುಗಳಿಗೆ ಅಳವಡಿಸುವ ಯೋಜನೆ 2024ರ ಆಗಸ್ಟ್ 30ರಂದು ಉದ್ಘಾಟನೆಯಾಯಿತು. ಅದೂ ಬ್ಲೂಟೂತ್ ಮೂಲಕ ತಂಡೇಲನ ಫೋನಿಗೆ ಜೋಡಣೆಯಾಗುತ್ತದೆ. ಅಲ್ಲಿಯೂ ನಡುವೆ ತಂತ್ರಾಂಶವೇ ನಿಂತಿದೆ.

ಉಪಗ್ರಹಕ್ಕೆ ದಕ್ಕದ ಜಾಗವೂ ಇದೆ. ಐದು ನದಿಗಳು ಸೇರುವ ಗಂಗೊಳ್ಳಿ ಅಳಿವೆಯಲ್ಲಿ ಮರಳಿನ ದಿಬ್ಬಗಳು ಮಳೆಗಾಲದಿಂದ ಮಳೆಗಾಲಕ್ಕೆ ಸರಿಯುತ್ತವೆ. ಹೋದ ವರ್ಷ ಉಳಿಸಿಕೊಂಡ ಜಿಪಿಎಸ್ ಪಾಯಿಂಟ್ ಈ ವರ್ಷ ಬೋಟನ್ನು ನೇರ ದಿಬ್ಬಕ್ಕೆ ಒಯ್ಯಬಹುದು. ಅಲ್ಲಿ ಅಲೆ ಒಡೆಯುವ ರೀತಿ ನೋಡಿ ದಾರಿ ಹಿಡಿಯುವ ಹಳೆಯ ಕಣ್ಣೇ ಇಂದಿಗೂ ಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ 61 ದಿನಗಳಲ್ಲಿ ಇಂಜಿನ್ ಬಿಚ್ಚಿ, ಬಲೆ ಹೊಲಿದು, ಬೋಟಿಗೆ ಬಣ್ಣ ಹೊಡೆಯುವವರು ಜಿಪಿಎಸ್ ಆಂಟೆನಾ, ಟ್ರಾನ್ಸ್‌ಪಾಂಡರ್ ಮತ್ತು ಫೋನಿನ ತಂತ್ರಾಂಶವನ್ನೂ ಒಮ್ಮೆ ಪರೀಕ್ಷಿಸಿಕೊಂಡೇ ಆಗಸ್ಟಿನಲ್ಲಿ ಕಡಲಿಗೆ ಇಳಿಯಬೇಕು.